ತೂತಿಲ್ಲದ ಗೋಡೆ

"ಗುರುಗಳೇ, ನಾನು ಕೋಪವನ್ನು ಗೆದ್ದೆ ಎನ್ನಬಹುದೇ?" ಎಂದು ಶಿಷ್ಯ ಅಡವೀಶ ಕೇಳಿದ. ಮರುದಿನ ಅವನು ಅಣ್ಣನ ಮಗಳ ಮದುವೆಗೆ ಊರಿಗೆ ಹೊರಟಿದ್ದ. ಎಂಟು ವರ್ಷದ ಹಿಂದೆ ಅದೇ ಅಣ್ಣ ನೆಂಟರೆದುರು ಅವನನ್ನು "ದಂಡಪಿಂಡ" ಎಂದು ಜರೆದಿದ್ದ. "ಅಂದಿನಿಂದ ಅಣ್ಣನಿಗೆ ಒಂದು ಬಿರುಸು ಮಾತು ಆಡಿಲ್ಲ. ತುಟಿಪಿಟಕ್ಕೆಂದಿಲ್ಲ." ಹೇಳುವಾಗ ಅಡವೀಶನಿಗೆ ತನ್ನ ಬಗ್ಗೆ ಸ್ವಲ್ಪ ಗೌರವವೇ ಮೂಡಿತು.

ಗುರುಗಳು ಕತೆ ಹೇಳಿದರು.

ಒಬ್ಬ ವರ್ತಕ ಬಟ್ಟೆ ಒಣಗಿಸುವ ಯಂತ್ರ ಕೊಂಡ. ಜೋಡಿಸಲು ಬಂದ ಮೆಕ್ಯಾನಿಕ್, "ಇದರ ಬಿಸಿಗಾಳಿ ಮನೆಯಿಂದ ಹೊರಕ್ಕೇ ಹೋಗಬೇಕು ಸ್ವಾಮಿ. ಗಾಳಿಯ ಜೊತೆ ಬಟ್ಟೆಯ ಜುಂಗೂ ಬರುತ್ತೆ. ಕಿಡಿ ತಾಗಿದರೆ ಹತ್ತಿಯ ಹಾಗೆ ಹೊತ್ತಿಕೊಳ್ಳುತ್ತೆ. ಈ ಗೋಡೆ ಕೊರೆದು ಪೈಪ್ ಹಾಕ್ತೀನಿ" ಎಂದ.

ಅದು ನೈಋತ್ಯದ ಗೋಡೆ. ವರ್ತಕ ಕಿವಿ ಮುಚ್ಚಿಕೊಂಡ.

"ವಾಸ್ತು ಗೊತ್ತೇನಯ್ಯ ನಿನಗೆ? ನೈಋತ್ಯಕ್ಕೆ ತೂತು ಬಿದ್ದರೆ ಲಕ್ಷ್ಮಿ ಅಲ್ಲಿಂದಲೇ ಹೊರಟುಹೋಗ್ತಾಳೆ."

"ನಾಲ್ಕೇ ಇಂಚು ಸ್ವಾಮಿ. ಲಕ್ಷ್ಮಿ ಅದರಲ್ಲಿ ತೂರೋಕಾಗಲ್ಲ."

"ತಲೆಹರಟೆ ಬೇಡ. ಪೈಪನ್ನು ಅಟ್ಟಕ್ಕೆ ತಿರುಗಿಸು. ಅಲ್ಲಿ ಯಾರಿದ್ದಾರೆ?"

ಮೆಕ್ಯಾನಿಕ್ ಮತ್ತೊಮ್ಮೆ ಬೇಡವೆಂದ. ವರ್ತಕ ಮತ್ತೊಮ್ಮೆ ಗದರಿದ. ಪೈಪ್ ಅಟ್ಟಕ್ಕೆ ಹೋಯಿತು.

ಅಟ್ಟದ ಕೆಳಗೆ ದೇವರಮನೆ. ಮಳೆಗಾಲದಲ್ಲಿ ಅಟ್ಟ ಸೇರಿದ ಹಬೆ ನೀರಾಗಿ, ಹಲಗೆಗಳ ಸಂದಿನಿಂದ ಶಿವನ ತಲೆಯ ಮೇಲೆ ತೊಟ್ಟಿಕ್ಕಿತು. ವರ್ತಕನ ತಾಯಿ ಅದನ್ನು ತೀರ್ಥವೆಂದಳು. ಓಣಿಯವರು ಚೊಂಬು ಹಿಡಿದು ಸಾಲು ನಿಂತರು. ತೀರ್ಥಕ್ಕೆ ಸೋಪಿನ ಪರಿಮಳವಿದ್ದದ್ದು ಅವರ ಭಕ್ತಿಯನ್ನು ಹೆಚ್ಚಿಸಿತು. ಅಟ್ಟ ಹತ್ತಿ ನೋಡೋಣವೆಂದು ಯಾರೂ ಅನ್ನಲಿಲ್ಲ. ದೇವರ ತಲೆಯ ಮೇಲೆ ಕಾಲಿಡುವುದು ಹೇಗೆ?

ಬೇಸಿಗೆ ಬಂತು. ತೀರ್ಥ ನಿಂತಿತು. ಬದಲಿಗೆ ಸಂದುಗಳಿಂದ ಬೂದುಬಣ್ಣದ ಜುಂಗು ಇಳಿಬಿತ್ತು. ತಾಯಿ ಅದನ್ನು ಜಟೆಯೆಂದಳು. ಶಿವ ಮುನಿದು ತೀರ್ಥ ನಿಲ್ಲಿಸಿದ್ದಾನೆ, ಜಟೆಗೇ ಬೆಳಗಿದರೆ ಒಲಿದಾನು ಎಂದುಕೊಂಡು, ಒಂದು ಸೋಮವಾರ ಬೆಳಿಗ್ಗೆ ಐದು ಬತ್ತಿಯ ಆರತಿಯನ್ನು ಕೈ ಎಟುಕುವಷ್ಟು ಮೇಲಕ್ಕೆತ್ತಿದಳು. ಪಕ್ಕದಲ್ಲಿ ವರ್ತಕ ಗಂಟೆ ಬಾರಿಸುತ್ತಿದ್ದ.

ಗಂಟೆ ಎರಡು ಸಲ ಮೊಳಗಿತು. ಮೂರನೆಯದಕ್ಕೆ ಮೊದಲೇ ಸೂರೆಲ್ಲ ಬೆಂಕಿಯಾಗಿತ್ತು.

ವರ್ತಕ ಹೊರಗೆ ಬಂದ. ಕೈಯಲ್ಲಿ ಗಂಟೆ ಇತ್ತು. ತಾಯಿ ಬರಲಿಲ್ಲ.

ಮನೆಯಲ್ಲಿ ನೈಋತ್ಯದ ಗೋಡೆಯೊಂದೇ ಉಳಿಯಿತು. ಅದರಲ್ಲಿ ಒಂದು ತೂತೂ ಇರಲಿಲ್ಲ.

ಗುರುಗಳು ನಿಲ್ಲಿಸಿದರು. ಅಡವೀಶ ಕತೆಯಲ್ಲಿ ಮೆಕ್ಯಾನಿಕ್‌ನ ಮಾತಿಗೆ ನಕ್ಕಿದ್ದ. ಆ ನಗುವನ್ನು ಈಗ ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಆರತಿ ಎತ್ತಿದ್ದಕ್ಕೇ?" ಎಂದ. "ಆ ತಾಯಿಯ ತಪ್ಪೇನಿತ್ತು ಗುರುಗಳೇ?"

"ಏನೂ ಇಲ್ಲ" ಎಂದರು ಗುರುಗಳು. "ನೀನು ಎಂಟು ವರ್ಷ ಹೊರಗೆ ಬಿಡದೆ ಕೂಡಿಟ್ಟದ್ದನ್ನು ಹೊತ್ತುಕೊಂಡು ಹೋಗುತ್ತಿದ್ದೀಯ. ನಾಳೆ ಬಾಗಿಲಲ್ಲಿ ನಿನ್ನ ಅತ್ತಿಗೆ ಆರತಿ ಹಿಡಿದು ನಿಂತಿರುತ್ತಾಳೆ."