ಕಡಲಾಮೆಗೆ ಹಾಸಿಗೆ ಹಾಸಿದ್ದು

ಲೋಕ ಆಗಷ್ಟೇ ಕಣ್ಣು ಬಿಟ್ಟಿದ್ದ ಕಾಲ, ಮಕ್ಕಳೇ. ನಮ್ಮ ಕರಾವಳಿ ಆಗ ಹೀಗಿರಲಿಲ್ಲ. ಗೋಡೆ ಕಟ್ಟಿದ ಹಾಗೆ ಉದ್ದಕ್ಕೂ ಒಂದೇ ಕಪ್ಪು ಬಂಡೆ. (ನಾನು ಓದಿದ ಕಾಲೇಜಿನಲ್ಲಿ ಇದನ್ನು ಹೇಳಿಕೊಡಲಿಲ್ಲ. ಅದು ಅವರಿಗೇ ನಷ್ಟ.)

ಒಂದು ಸಂಜೆ ಕಡಲಾಮೆ ಈಜುತ್ತಾ ಬಂದಳು. ಹೊಟ್ಟೆ ತುಂಬ ಮೊಟ್ಟೆ. ಕತ್ತಲಾಗುವುದರೊಳಗೆ ಇಡಲೇಬೇಕು, ನೀರಿನಲ್ಲಿ ಬಿಟ್ಟರೆ ಒಂದೂ ಉಳಿಯದು.

“ಬಂಡೆಯಜ್ಜಾ, ಸ್ವಲ್ಪ ಜಾಗ ಕೊಡಿ.”

“ಕೂತಲ್ಲಿಂದ ಏಳುವ ಅಭ್ಯಾಸ ನನಗಿಲ್ಲ,” ಎಂದ ಬಂಡೆಯಜ್ಜ.

ಬಸುರಿ ಬಂದಳೆಂದರೆ ಗೊತ್ತಲ್ಲ, ಊರಿಗೆಲ್ಲ ಸಂಭ್ರಮ, ಊರಿಗೆಲ್ಲ ಬುದ್ಧಿ ಹೇಳುವ ಚಪಲ.

“ನೀನು ಸುಮ್ಮನಿರು ತಂಗೀ, ನಾನಿದ್ದೇನೆ!” ಎಂದು ಕಡಲಣ್ಣ ಬಂಡೆಗೆ ಗುದ್ದಿದ. ಬಂಡೆ ಒಡೆದು ಮೊನೆಮೊನೆಯಾಗಿ ನಿಂತಿತು. “ಹೇಗಿದೆ ಹಾಸಿಗೆ?”

“ನೀವೇ ಮಲಗಿ ನೋಡಿ!” ಆಮೆ ಮುಂದೆ ಹೋದಳು.

“ನೀನು ಸುಮ್ಮನಿರು ಮಗಳೇ, ನಾನಿದ್ದೇನೆ!” ಎಂದು ಹೊಳೆಯಮ್ಮ ಬಂಡೆ ಕೊರೆದು, ಬೆಟ್ಟದ ಕೆಸರನ್ನೆಲ್ಲ ತಂದು ಸುರಿದಳು. ತಂಪಾಗಿರಲೆಂದು, ಉಪ್ಪುನೀರಿನ ಕೆಸರಲ್ಲೇ ಬೇರುಬಿಡುವ ಕಾಂಡ್ಲಾ ಗಿಡಗಳನ್ನೂ ನೆಟ್ಟಳು.

“ಮೊಟ್ಟೆ ಬೆಚ್ಚಗಿರಬೇಕು ಅಮ್ಮಾ! ಇಲ್ಲಿ ಕೊಳೆತೇ ಹೋಗುತ್ತದೆ!” ಆಮೆ ಇನ್ನೂ ಮುಂದೆ ಹೋದಳು.

“ನೀನು ಸುಮ್ಮನಿರು ಅಕ್ಕಾ, ನಾನಿದ್ದೇನೆ!” ಎಂದು ಗಾಳಿರಾಯ ಪುಡಿ ಮರಳು ಹೊತ್ತು ತಂದು ಎತ್ತರದ ದಿಬ್ಬ ಒಟ್ಟಿದ. “ಹತ್ತಿ ಮಲಗು!”

“ಮಾರಾಯಾ, ಈ ಕಾಲಲ್ಲಿ ಗುಡ್ಡ ಹತ್ತುವುದಾ?”

ಬೆಳಕು ಇಳಿಯುತ್ತಿತ್ತು. ಆಮೆಗೆ ಸಾಕೋ ಸಾಕಾಯಿತು.

“ಎಲ್ಲರೂ ಬಾಯಿ ಮುಚ್ಚಿ! ಬಸುರಿ ನಾನೋ, ನೀವೋ? ನನ್ನನ್ನು ಒಂದು ಮಾತಾದರೂ ಕೇಳಿದಿರಾ?”

ಆಮೆ ಒಬ್ಬೊಬ್ಬರಿಗೂ ಕೆಲಸ ಹಂಚಿದಳು.

“ಹೊಳೆಯಮ್ಮಾ, ಕೆಸರು ಅಲ್ಲೇ ಇರಲಿ, ಮರಳಷ್ಟೇ ಕೊಡಿ. ಕಡಲಣ್ಣಾ, ಗುದ್ದಬೇಡಿ, ಸವರಿ. ಗಾಳಿರಾಯಾ, ಒಟ್ಟಬೇಡ, ಹರಡು. ಬಂಡೆಯಜ್ಜಾ, ನೀವು ಎರಡೂ ಬದಿಗೆ ಅಡ್ಡ ಕೂತಿರಿ. ಕೂರುವುದಾದರೂ ಬರುತ್ತದಲ್ಲ!”

ಹೇಳಿದ ಹಾಗೆ ಮಾಡಿದರು. ತೊಟ್ಟಿಲಿನ ಹಾಗೆ ಬಾಗಿದ, ಬೆಚ್ಚನೆಯ ಮರಳ ದಂಡೆಯಾಯಿತು. ಆಮೆ ಗುಂಡಿ ತೋಡಿ ಮೊಟ್ಟೆಯಿಟ್ಟಳು.

“ಉಳಿದದ್ದನ್ನೂ ಸರಿಮಾಡಿಬಿಡೋಣವಾ?” ಎಂದ ಕಡಲಣ್ಣ, ಹುಮ್ಮಸ್ಸಿನಿಂದ.

“ನಿಮ್ಮ ದಮ್ಮಯ್ಯ, ಮುಟ್ಟಬೇಡಿ!”

ಹಾಗಾಗಿಯೇ ಇವತ್ತಿಗೂ ನಮ್ಮ ಕರಾವಳಿಯಲ್ಲಿ ಒಂದೆಡೆ ಮೊನಚು ಬಂಡೆ, ಮುಂದೆ ಹೊಳೆ ಕಡಲು ಸೇರುವಲ್ಲಿ ಕಾಂಡ್ಲಾ ಬೆಳೆದ ಅಳಿವೆ, ಅದರಾಚೆ ಮರಳ ದಿಬ್ಬ. ಆ ಎಡವಟ್ಟುಗಳನ್ನು ನೋಡಲು ನಾವು ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತುತ್ತೇವೆ, ಆಹಾ ಎನ್ನುತ್ತೇವೆ! ಇನ್ನು, ಮೊಟ್ಟೆಯಿಡುವಾಗ ಕಡಲಾಮೆಯ ಕಣ್ಣಿಂದ ನೀರಿಳಿಯುವುದು ಕಂಡರೆ ನೋವಿರಬೇಕೆಂದು ಮರುಗಬೇಡಿ, ಮಕ್ಕಳೇ. ಅವರೆಲ್ಲ ಅಂದು ಮಾಡಿದ ಉಪಕಾರವನ್ನು ಅವಳು ಇನ್ನೂ ಮರೆತಿಲ್ಲ, ಅಷ್ಟೆ.