ಹಲ್ಲಿಯ ಸಾಕ್ಷಿ

ಪರೀಕ್ಷಿಸದೆ ಯಾರೂ ಹೌದೆನ್ನಬಾರದೆಂಬುದು ಆ ದೇವರಗೂಡಿನ ಕಟ್ಟಳೆ. ಮುಸ್ಸಂಜೆಯ ಮಂಪರಿನಲ್ಲಿ ಒಬ್ಬೊಬ್ಬರಾಗಿ ಅದನ್ನು ಮುರಿಯತೊಡಗಿದರು.

"ದೀಪದೊಳಗೆ ಚಂದ್ರ ಮಲಗಿದ್ದಾನೆ. ಅವನ ಮಡಿಲಿಗೆ ಹೋಗುತ್ತೇನೆ," ಎಂದಿತು ಪತಂಗ.

"ಹೌದು, ಹೌದು," ಎಂದಿತು ಗಂಟೆ.

"ಗಂಟೆಯೇ ಎರಡು ಸಲ ಹೇಳಿದ ಮೇಲೆ ಇನ್ನೇನು?" ಎಂದಿತು ಶಂಖ. "ಹಲ್ಲಿರಾಯರೇ, ನೀವು ಲೊಚಗುಟ್ಟಿದರೆ ಆಡಿದ ಮಾತು ನಿಜವಂತೆ. ಒಮ್ಮೆ ಲೊಚಗುಟ್ಟಿಬಿಡಿ!"

ಹಲ್ಲಿಗೆ ಬೆಳಗಿನಿಂದ ಹಸಿವು. ರೆಕ್ಕೆ ಸುಟ್ಟು ಬಿದ್ದರೆ ಪತಂಗ ಸುಲಭದ ತುತ್ತು. ಲೊಚಗುಡುವ ಸದ್ದು ನಾಲಗೆಯ ತುದಿಗೇ ಬಂದಿತ್ತು. ಅದನ್ನು ನುಂಗಿಕೊಂಡಿತು.

"ನಾನು ಲೊಚಗುಡುವುದು ಅಭ್ಯಾಸಬಲದಿಂದ ಮಾರಾಯರೇ. ಅದು ಸಾಕ್ಷಿಯಲ್ಲ," ಎಂದು, ದೇವರ ಪಟದ ಹಾರದಿಂದ ಪತಂಗದ ರೆಕ್ಕೆಯಷ್ಟೇ ತೆಳ್ಳಗಿನ ಒಣ ಎಸಳೊಂದನ್ನು ಕಚ್ಚಿ ತಂದು, ಪತಂಗದ ಕಣ್ಣೆದುರಿಗೇ ದೀಪದ ಕುಡಿಯ ಮೇಲೆ ಬೀಳಿಸಿತು. ಎಸಳು ಚುರ್ರೆಂದು ಬೂದಿಯಾಯಿತು.