ಗರಗಸಕ್ಕೆ ಹಳಿ ಆರಿಸಿದವಳು

“ಅಯ್ಯಾ, ನನ್ನ ನಡೆ ನೇರವೋ ಸೊಟ್ಟವೋ ಎಂದು ತಿಳಿಯಬೇಕಾದರೆ ನನಗಿಂತ ನೇರವಾದವರೊಬ್ಬರು ಬೇಕಲ್ಲವೇ? ನಾಳೆ ನೀವಿಲ್ಲದಿದ್ದರೆ ನಾನು ಯಾರನ್ನು ಕೇಳಲಿ?”

ಚನ್ನಮಲ್ಲ ಹೀಗೆ ಕೇಳಿದ. ಅವನ ಗುರು ಅಡವಯ್ಯನವರು ದೊಡ್ಡ ಜ್ವರದಿಂದ ಆಗಷ್ಟೇ ಎದ್ದು ಕೂತಿದ್ದರು. ಶಿಷ್ಯನ ಅಂಜಿಕೆ ಅವರಿಗೆ ತಿಳಿಯಿತು. ಸಮಾಧಾನ ಹೇಳಲಿಲ್ಲ, ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ದಾದಿ ಇದ್ದಳು. ಆಸ್ಪತ್ರೆಯ ಕೆಲಸ ಮುಗಿಸಿ ಬಂದರೆ ಅವಳ ಕೈ ಮರವನ್ನು ಹುಡುಕುತ್ತಿತ್ತು. ಮನೆಯ ಮಣೆ, ಸ್ಟೂಲು, ಗೋಡೆಯ ಕಪಾಟು ಎಲ್ಲವೂ ಅವಳ ಕೈಗರಗಸದಲ್ಲಿ ಆದವು. ತುಸು ಸೊಟ್ಟಗಿದ್ದರೂ ನಡೆಯುತ್ತಿತ್ತು.

ಆ ಮನೆಯ ಮುಂದೆ ಅವಳ ತಾಯಿ ನೆಟ್ಟ ಹೊನ್ನೆ ಮರವಿತ್ತು. ರಸ್ತೆ ಅಗಲ ಮಾಡುವವರು ಬಂದು ಅದನ್ನು ಉರುಳಿಸಿದರು. ತಾಯಿ ಅಳಲಿಲ್ಲ. ಇಷ್ಟು ಕಾಲ ಅದರ ನೆರಳಲ್ಲಿ ಕೂತೆ, ಇನ್ನು ಅದರ ಮೇಲೆ ಮಲಗುತ್ತೇನೆ ಎಂದಳು. ಮರದ ಒಡಲು ಟೊಳ್ಳಾಗಿತ್ತು. ಕೊಯ್ಯಿಸಿದಾಗ ದಕ್ಕಿದ್ದು ಎರಡೇ ಹಲಗೆ. ಅಂಚಿಗೆ ಅಂಚು ಕೂಡಿಸಿದರೆ ಒಬ್ಬರು ಮಲಗುವ ಮಂಚಕ್ಕೆ ಸರಿಯಾಗುತ್ತಿತ್ತು, ಅಷ್ಟೇ. ಅಂಚು ಕೆಟ್ಟು ಮತ್ತೆ ಕೊಯ್ದರೆ ಅಗಲ ಸಾಲದು. ಕೂಡಿದಲ್ಲಿ ಸಂದು ಉಳಿದರೆ ಅದು ಮುದುಕಿಯ ಮೈಯನ್ನು ಕಚ್ಚುತ್ತದೆ. ವಯಸ್ಸಾದವರ ತೆಳುಚರ್ಮಕ್ಕೆ ಗಾಯವಾದರೆ ಎಷ್ಟು ದಿನ ಮಾಯುವುದಿಲ್ಲವೆಂದು ದಾದಿ ಬಲ್ಲಳು.

ಕೈಗರಗಸವನ್ನು ನಂಬಲಾರದೆ ಅವಳು ಪೇಟೆಯ ವ್ಯಾಪಾರಿಯ ಬಳಿ ಹೋದಳು. ಹಲಗೆಯ ಮೇಲೆ ಮಲಗಿಸಿದ ಲೋಹದ ಹಳಿಯ ಗುಂಟ ಜಾರುವ ಕರೆಂಟಿನ ಗರಗಸಗಳನ್ನು ಅವನು ಮುಂದಿಟ್ಟ. ಒಂದಕ್ಕೆ ಬಲ ಹೆಚ್ಚು, ಒಂದು ಹಗುರ, ಇನ್ನೊಂದು ಧೂಳನ್ನು ತಾನೇ ಹೀರಿಕೊಳ್ಳುತ್ತದೆ. ಅವಳು ಯಾವುದೆಂದು ತೋಚದೆ ನಿಂತಾಗ, ಯಾವ ಗರಗಸವಾದರೂ ಹಳಿ ಹೇಳಿದ ಕಡೆಗೇ ಹೋಗುತ್ತದೆ, ಮೊದಲು ಹಳಿ ಆರಿಸಿ ಎಂದ. ಮಾತು ಅವಳಿಗೆ ಹಿಡಿಸಿತು. ಹಗುರವಾದ ಗರಗಸ ತೆಗೆದುಕೊಂಡು ಹಳಿಗಳ ಕಡೆ ತಿರುಗಿದಳು. ಉದ್ದನೆಯ ಒಂಟಿ ಹಳಿ ಅವಳ ಓಣಿಯ ತಿರುವಿನಲ್ಲಿ ಹೊರಳುವಂತಿರಲಿಲ್ಲ. ಉಳಿದದ್ದು ಎರಡು ಗಿಡ್ಡ ಹಳಿ. ನಡುವೆ ಬೆಸೆಯುವ ತುಂಡು ಕೊಟ್ಟು ತಿರುಪು ಬಿಗಿದು ಒಂದು ಮಾಡಬೇಕು.

ಕೂಡಿಸಿದ ಹಳಿ ನೇರವಿದೆಯೆಂದು ತಿಳಿಯುವುದು ಹೇಗೆ ಎಂದು ಅವಳು ಕೇಳಿದಳು. ವ್ಯಾಪಾರಿ ಉಕ್ಕಿನ ಅಳತೆಪಟ್ಟಿಯನ್ನು ಒತ್ತಿ ತೋರಿಸಿದ. ಆ ಪಟ್ಟಿ ನೇರವೆಂದು ಹೇಳಿದವರು ಯಾರು ಎಂದಳು. ಕಾರ್ಖಾನೆಯಲ್ಲಿ ಇದಕ್ಕಿಂತ ದೊಡ್ಡ ಪಟ್ಟಿ ಇದೆಯಂತೆ. ಅದನ್ನು ನೋಡಿದವರು ಯಾರು? ವ್ಯಾಪಾರಿ ಪಟ್ಟಿಯನ್ನು ಅಂಗೈಯಿಂದ ಒರೆಸಿ ಹೇಳಿದ:

“ಮೇಲೆ ಎಲ್ಲೋ ಒಂದು ನೇರವಾದದ್ದು ಇದ್ದೇ ಇರಬೇಕಮ್ಮ. ಇಲ್ಲದಿದ್ದರೆ ನಮ್ಮದೆಲ್ಲ ಹೇಗೆ ನಡೆದೀತು?”

ಅವಳು ಹಳಿ, ಗರಗಸ, ಪಟ್ಟಿ ಮೂರನ್ನೂ ಮನೆಗೆ ತಂದಳು. ಹಳಿಯನ್ನು ಕೂಡಿಸಿ, ಪಟ್ಟಿ ಇಟ್ಟು ನೋಡಿ, ಹೊನ್ನೆ ಹಲಗೆಯ ಮೇಲೆ ಮಲಗಿಸಿದಳು. ಎಲ್ಲ ಸರಿಯಿತ್ತು. ಆದರೂ ಗುಂಡಿ ಒತ್ತಲು ಬೆರಳು ಏಳಲಿಲ್ಲ. ಗರಗಸವನ್ನು ಕೆಳಗಿಟ್ಟು, ಹಳಿಯ ಅಂಚಿಗೆ ಸೀಸದ ಕಡ್ಡಿ ತಾಗಿಸಿ ಬರಿಯ ಗೆರೆ ಎಳೆದಳು. ಗೆರೆ ನೇರವಾಗಿಯೇ ಕಂಡಿತು. ಆಚೆ ಬದಿಯಿಂದಲೂ ನೋಡೋಣವೆಂದು ಹಳಿಯನ್ನು ಎತ್ತಿ, ಈ ತುದಿ ಆ ತುದಿಯಾಗುವಂತೆ ತಿರುಗಿಸಿ, ಅದೇ ಅಂಚನ್ನು ಅದೇ ಗೆರೆಗೆ ಎದುರಿನಿಂದ ಒತ್ತಿದಳು.

ಎರಡು ತುದಿಗಳು ತಾಗಿದವು. ನಡುವೆ ತಾಗಲಿಲ್ಲ.

ಕೈ ತಪ್ಪಿತೆಂದುಕೊಂಡಳು. ಒರೆಸಿ ಮತ್ತೆ ಎಳೆದಳು, ಮತ್ತೆ ತಿರುಗಿಸಿದಳು. ಅದೇ ಸಂದು, ಬಿದಿರೆಲೆಯ ಹಾಗೆ ಎರಡೂ ಕಡೆ ಚೂಪು. ಆಗ ಅವಳಿಗೆ ತಿಳಿಯಿತು. ಹಳಿ ನಡುವಿನಲ್ಲಿ ಒಳಕ್ಕೆ ಬಾಗಿತ್ತು. ಅದು ಎಳೆಸಿದ ಗೆರೆಯೂ ಅಷ್ಟೇ ಬಾಗಿತ್ತು. ಒಂದೇ ಮುಖವಾಗಿದ್ದಷ್ಟು ಕಾಲ ಎರಡೂ ಒಂದನ್ನೊಂದು ಒಪ್ಪಿಕೊಂಡಿದ್ದವು. ಎದುರುಬದುರಾದ ಕೂಡಲೇ, ಕಣ್ಣಿಗೂ ಪಟ್ಟಿಗೂ ಸಿಗದ ಸೊಟ್ಟು ಇಮ್ಮಡಿಯಾಗಿ ಬಾಯಿಬಿಟ್ಟಿತು.

ಅವಳು ತಿರುಪು ಸಡಿಲಿಸಿ ಕೂಡುವ ಜಾಗವನ್ನು ಉಗುರಿನ ದಪ್ಪಕ್ಕಿಂತ ಕಡಿಮೆ ಸರಿಸಿದಳು. ಗೆರೆ ಎಳೆದಳು, ತಿರುಗಿಸಿದಳು. ಎಲೆಯಂಥ ಸಂದು ಸಣ್ಣದಾಯಿತು. ಮತ್ತೆ ಸರಿಸಿದಳು, ಈ ಸಲ ನಡು ತಾಗಿ ತುದಿಗಳು ಬಿಟ್ಟುಕೊಂಡವು. ಮತ್ತೆ ಹಿಂದಕ್ಕೆ. ಮಧ್ಯಾಹ್ನದ ಊಟ ಆರಿಹೋಯಿತು. ಕೊನೆಗೊಮ್ಮೆ ತಿರುಗಿಸಿ ಎಳೆದಾಗ ಎರಡನೆಯ ಗೆರೆ ಮೊದಲನೆಯದರೊಳಗೆ ಅಡಗಿಹೋಯಿತು.

ದಾದಿ ಹಲಗೆಯ ಪಕ್ಕ ನೆಲದ ಮೇಲೆ ಕೂತಳು. ಆ ಮನೆಯಲ್ಲಿ ಬೆಳಗ್ಗೆ ನಂಬಬಹುದಾದ ನೇರ ವಸ್ತು ಒಂದೂ ಇರಲಿಲ್ಲ. ಸೊಟ್ಟ ಹಳಿ ಇತ್ತು, ಅದರ ಸೊಟ್ಟ ಗೆರೆ ಇತ್ತು. ಅವೆರಡರಿಂದಲೇ ಈ ನೇರ ಗೆರೆ ಬಂತು. ಯಾರೂ ಕೊಟ್ಟದ್ದಲ್ಲ, ಮೇಲಿನಿಂದ ಇಳಿದದ್ದಲ್ಲ. ಹೆರಿಗೆಯ ಕೋಣೆಯಲ್ಲಿ ಮೊದಲ ಕೂಗು ಕೇಳಿದಾಗ ನಿಲ್ಲುತ್ತಿದ್ದ ಹಾಗೆ ಅವಳ ಉಸಿರು ನಿಂತಿತು. ತಾನೇ ಎಳೆದ ಗೆರೆಗೆ ತಾನೇ ಕೈ ಮುಗಿದಳು.

ಆಮೇಲೆ ಎದ್ದು ಅಂಚು ಕೊಯ್ದಳು. ಒಂದು ಹಲಗೆ, ಇನ್ನೊಂದು ಹಲಗೆ. ಅಂಟು ಒಣಗಿ ಮಂಚ ನಿಂತಾಗ ತಾಯಿ ಬಂದು ಅಂಗೈಯಾಡಿಸಿದಳು, ಮತ್ತೊಮ್ಮೆ ಆಡಿಸಿದಳು.

“ಕೂಡಿಸಿದ್ದು ಎಲ್ಲಿ ಮಗಳೇ?” ಎಂದಳು.

ಮಗಳು ತೋರಿಸಲು ಹೋಗಿ, ತಾನೂ ಬೆರಳಿನಿಂದ ಹುಡುಕಬೇಕಾಯಿತು.

ಅಡವಯ್ಯನವರು ಇಲ್ಲಿಗೆ ನಿಲ್ಲಿಸಿದರು. ಕತೆ ಚನ್ನಮಲ್ಲನೊಳಗೆ ಇಳಿದಿತ್ತು, ಅಂಜಿಕೆ ಹೋಗಿರಲಿಲ್ಲ. ಗುರುವಿನ ಪಾದ ಮುಟ್ಟಿ, ಅವಳಿಗೆ ಯಾರೂ ಇರಲಿಲ್ಲ, ನನಗಾದರೋ ನೀವಿದ್ದೀರಿ, ನೀವು ನೇರವಾದವರು ಎಂದ.

ಗುರು ಅವನ ತಲೆಯ ಮೇಲೆ ಕೈಯಿಟ್ಟು ಕೇಳಿದರು:

“ನಾನು ನೇರವೆಂದು ನಿನಗೆ ಹೇಳಿದವರು ಯಾರು?”